ಜಪಾನಿ ಅಂಗಡಿಯಲ್ಲಿ ನಮ್ಮ ಗಣೇಶನ ಹಾಡು

ನಿನ್ನೆ ಟೆಕ್ಸಸ್‌ನ ಲೂಯಿಸ್‌ವಿಲ್ ಹತ್ತಿರದ ಜಪಾನಿ ಅಂಗಡಿಯಲ್ಲಿ ಅಕ್ಕಿ ನೋಡುತ್ತಿದ್ದೆ. ಸ್ಪೀಕರಿನಲ್ಲಿ ಒಂದು ಹಾಡು ಬಂತು. ನನಗರಿವಿಲ್ಲದೆ ಬಾಯಲ್ಲಿ ಕನ್ನಡದ ಸಾಲುಗಳು ಬಂದುಬಿಟ್ಟವು. ಆಮೇಲೆ ಹೊಳೆಯಿತು. ಇದು ಅಮ್ಮ ಕಲಿಸಿದ ಗಣೇಶನ ಹಾಡಲ್ಲವೇ! ಅದೇ ಧಾಟಿ, ಸಾಹಿತ್ಯ ಮಾತ್ರ ಜಪಾನಿ.

ನಾನು ಚಿಕ್ಕವಳಿದ್ದಾಗ ನಾವು ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಶನಿವಾರ ಅಮ್ಮನ ಸಂಗೀತಪಾಠ. ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಾಂ ಕೂಗುತ್ತದೆಂದು ಅಪ್ಪ ಅದಕ್ಕೆ ಸ್ನಾನದ ಟೋಪಿ ತೊಡಿಸುತ್ತಿದ್ದರು. ಕಾರ್ಪೆಟ್ ಚುಚ್ಚಿದ ಕಾಲು ಕೆರೆದುಕೊಳ್ಳುತ್ತ ನಾವು ಆ ಹಾಡು ಕಲಿತೆವು. ಯಾರಾದರೂ ಸಿನಿಮಾ ಧಾಟಿಯಲ್ಲಿ ಭಜನೆ ಹಾಡಿದರೆ, "ದೇವರ ಮುಂದೆ ಇದೆಂಥದ್ದು?" ಎಂದು ಅಮ್ಮ ಎದ್ದೇ ಹೋಗುತ್ತಿದ್ದಳು. ಅವಳ ಈ ಹಾಡಿನ ರಾಗ ಯಾವುದೆಂದು ಆಂಟಿಯರು ಕೇಳಿದರೆ ಮಾತ್ರ ಶ್ರುತಿಪೆಟ್ಟಿಗೆಯ ದನಿ ಏರಿಸುತ್ತಿದ್ದಳು. ಡಾಲಸ್‌ನಲ್ಲೂ ಹ್ಯೂಸ್ಟನ್‌ನಲ್ಲೂ ಅವಳ ಶಿಷ್ಯರು ಗಣೇಶನಿಗೆ ಈಗಲೂ ಹಾಡುವುದು ಅದನ್ನೇ.

ಕೌಂಟರಿನ ಜಪಾನಿ ಹೆಂಗಸನ್ನು ಕೇಳಿದೆ. ಅವರ ದೇಶದಲ್ಲಿ ಮಾರಾಟದ ದಾಖಲೆ ಮುರಿದ ಪಾಪ್ ಗಾಯಕಿಯ ಎರಡನೇ ಆಲ್ಬಮ್ಮಂತೆ. ಪ್ರೇಮಗೀತೆಯಂತೆ! ಅಂಗಡಿಯಲ್ಲಿ ಆಲ್ಬಮ್ ಪೂರ್ತಿ ಹಾಕಿದ್ದಾರಂತೆ.

ಈಗ ಹ್ಯೂಸ್ಟನ್ ಬಳಿಯ ಫುಲ್‌ಶೀರಿನಲ್ಲಿರುವ ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಹಾಡು ಕೇಳಿಸಿದೆ. ಅಮ್ಮ ಒಮ್ಮೆ ಕೆಮ್ಮಿದಳು.

"ಆಗ ಕೆಳಗಿನ ಮನೆ ಜಪಾನಿ ಆಂಟಿ ಸಿಡಿ ಕೊಟ್ಟಿದ್ರು ಕಣೇ. ಎಷ್ಟು ಚೆನ್ನಾಗಿತ್ತು!"

"ಅಮ್ಮಾ, ಇದು ಲವ್ ಸಾಂಗಂತೆ!"

"ನಂಗೇನು ಜಪಾನಿ ಬರುತ್ತಾ? ಕಿರುಚಬೇಡ, ಅಲ್ಲೇ ನಿಂತಿರು. ಮುಂದಿನದು ನಮ್ಮ ಮಂಗಳಾರತಿ."