ಡಲ್ಸಿ ಟ್ರಿಫಿಟ್ ಮಾಡಿದ ಎರಡನೇ ಬಿಯರ್

ಟಾಸ್ಮೇನಿಯಾದ ಬಾತ್‌ವೆಲ್ ಸುತ್ತಿನ ಕುರಿ ಸಾಕುವವರಲ್ಲಿ ಒಂದು ರೂಢಿ ಇದೆ. ಕೊನೆಯ ಕುರಿಯ ಉಣ್ಣೆ ಕತ್ತರಿಸಿ ಮುಗಿದ ಮಧ್ಯಾಹ್ನ, ಕತ್ತರಿಸಿದವರಿಗೆಲ್ಲ ಮಾಲೀಕರೇ ಬಿಯರ್ ಕೊಡಬೇಕು. ಅಂಗಡಿಯಿಂದ ತಂದುಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಡಲ್ಸಿ ಟ್ರಿಫಿಟ್‌ಗೆ ಅದು ಸಾಲಲಿಲ್ಲ. ಐವತ್ತೆಂಟನೇ ಹುಟ್ಟುಹಬ್ಬಕ್ಕೆ ತಂಗಿ ಒಂದು ಬಿಯರ್ ಕಿಟ್ ಕೊಟ್ಟಿದ್ದಳು: ಒಂದು ಡಬ್ಬಿ ಮೊಳಕೆ ಬಾರ್ಲಿಯ ಮಾಲ್ಟ್ ಪಾಕ, ಒಂದು ಪೊಟ್ಟಣ ಯೀಸ್ಟ್, ಒಂದು ಪ್ಲಾಸ್ಟಿಕ್ ಪೀಪಾಯಿ. ಹೋದ ವರ್ಷ ಅದನ್ನು ಹಿಡಿದುಕೊಂಡು, ಈ ಸಲ ನಾನೇ ಮಾಡುತ್ತೇನೆ ಎಂದು ಹೊರಟಳು.

ಅವಳು ಎಡವಿದ್ದು ಅಕ್ಕರೆಯಲ್ಲಿ. ಯೀಸ್ಟಿಗೆ ಜೀವ ಇದೆ ಎಂದು ಕಿಟ್ಟಿನ ಕಾಗದದಲ್ಲಿ ಓದಿದ್ದೇ ತಡ, ಚಳಿಗೆ ನಡುಗುವ ತಬ್ಬಲಿ ಕುರಿಮರಿಗೆ ಮಾಡುವಂತೆಯೇ ಪೀಪಾಯಿಗೆ ಕಂಬಳಿ ಹೊದಿಸಿ ಸೌದೆ ಒಲೆಯ ಪಕ್ಕ ಕೂರಿಸಿದಳು. ನಲವತ್ತು ವರ್ಷದಿಂದ ಮರಿಗಳನ್ನು ಬದುಕಿಸಿದ ಕೈ ಇನ್ನೇನು ಮಾಡೀತು? ಸೆಕೆಗೆ ಯೀಸ್ಟ್ ಹುಚ್ಚೆದ್ದು ಉಕ್ಕಿತು. ಬಿಯರಿಗೆ ಕೊಳೆತ ಬಾಳೆಹಣ್ಣಿನ ವಾಸನೆ ಹತ್ತಿತು.

"ಮಿಸ್ಸಸ್, ಇದನ್ನ ಕುರಿಗಳನ್ನ ಔಷಧಿಯಲ್ಲಿ ಮುಳುಗಿಸೋ ತೊಟ್ಟಿಗೆ ಸುರೀರಿ, ಒಂದು ಹೇನೂ ಉಳಿಯಲ್ಲ" ಅಂದ ಕತ್ತರಿಸುವವರ ಗುಂಪಿನ ಹಿರಿಯ ಅಥೋಲ್. ಎಲ್ಲರೂ ಬಿದ್ದು ಬಿದ್ದು ನಕ್ಕರು, ಒಂದೊಂದು ಗುಟುಕಿಗೇ ಲೋಟ ಕೆಳಗಿಟ್ಟು ಪಬ್‌ಗೆ ಹೊರಟೇ ಹೋದರು. ದುಡಿದವರು ತನ್ನ ಅಂಗಳದಿಂದ ಬಾಯಾರಿ ಹೋದದ್ದು ಡಲ್ಸಿಗೆ ಸಹಿಸಲಾಗಲಿಲ್ಲ.

ಈ ವರ್ಷ ಹಠಕ್ಕೆ ಬಿದ್ದಳು. ಡಬ್ಬಿ ಅದೇ, ಆದರೆ ಸಕ್ಕರೆಯ ಬದಲು ಮಾಲ್ಟ್ ಪುಡಿ ಹಾಕಿದಳು. ಬಿಯರ್ ನೀರುನೀರಾಗದೆ ಬಾಯಿ ತುಂಬಬೇಕಲ್ಲ. ಬುಶಿ ಪಾರ್ಕಿನ ತೋಟಗಳಿಂದ ತಂದ, ಬಿಯರಿಗೆ ಹಿತವಾದ ಕಹಿ ಕೊಡುವ ಒಣ ಹಾಪ್ ಹೂವನ್ನು ಒಂದು ಹಿಡಿ ಕುದಿಸಿ, ಸೋಸಿ, ಬೆರೆಸಿದಳು. ಪೀಪಾಯಿ ಹೋಗಿ ಕಲ್ಲುಗೋಡೆಯ ಉಗ್ರಾಣದಲ್ಲಿ ಕೂತಿತು. ಬಿಸಿಲೇರಿದರೆ ಹದಿನೆಂಟು ಡಿಗ್ರಿ ದಾಟದಂತೆ ಒದ್ದೆ ಗೋಣಿ ಸುತ್ತುತ್ತಿದ್ದಳು. ಅಭ್ಯಾಸಬಲದಿಂದ ಕಂಬಳಿಗೆ ಕೈ ಹೋದಾಗಲೆಲ್ಲ ತನ್ನನ್ನೇ ಬೈದುಕೊಂಡಳು. ಎರಡು ವಾರ ಹುದುಗಿತು. ಮೂವತ್ತು ಬಾಟಲಿಗೆ ತುಂಬಿ ಆರು ವಾರ ಮುಟ್ಟಲಿಲ್ಲ. ಗಂಡ ಲಿಂಡ್ಸೆಗೂ ಒಂದು ತೊಟ್ಟು ಕೊಡಲಿಲ್ಲ.

ಕೊನೆಯ ದಿನ ಬೆಳಿಗ್ಗೆ, ಉಣ್ಣೆಮನೆಯ ಮೂಟೆಗಳ ಹಿಂದೆ ಅಂಗಡಿ ಬಿಯರಿನ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು.

"ಇದೇನು ಲಿಂಡ್ಸೆ?"

"ಏನಿಲ್ಲ ಕಣೇ. ಒಂದು ವೇಳೆಗೆ ಇರ್ಲಿ ಅಂತ..."

"ಇದರ ಮುಚ್ಚಳ ತೆಗೆದಿದ್ದು ಕಂಡ್ರೆ, ಆ ಪೀಪಾಯಿ ನಾಯಿಗೆ ನೀರಿಡೋಕೆ ಹೋಗುತ್ತೆ. ನಾನಂತೂ ಇನ್ನು ಬಿಯರಿನ ಸುದ್ದಿಗೆ ಹೋಗಲ್ಲ, ನೋಡ್ತಿರು."

ಮಧ್ಯಾಹ್ನ ಉಣ್ಣೆ ಕತ್ತರಿಸುವ ಯಂತ್ರಗಳು ನಿಂತವು. ಹತ್ತು ಜನ ಬೆವರೊರೆಸಿಕೊಂಡು ಸಾಲಾಗಿ ಕೂತರು. ಡಲ್ಸಿ ಸುರಿದುಕೊಟ್ಟ ಲೋಟವನ್ನು ಅಥೋಲ್ ಮೂಗಿನ ಹತ್ತಿರ ಹಿಡಿದ. "ಈ ಸಲ ಯಾರ ಮೇಲೆ ಕೋಪ ಮಿಸ್ಸಸ್?"

ಎಲ್ಲರೂ ನಕ್ಕರು. ಡಲ್ಸಿ ನಗಲಿಲ್ಲ, ಅವನ ಲೋಟವನ್ನೇ ನೋಡುತ್ತಿದ್ದಳು. ಅಥೋಲ್ ಒಂದು ಗುಟುಕು ಕುಡಿದ. ಲೋಟ ಪೂರ್ತಿ ಇಳಿಸಿ ಅವಳ ಮುಂದೆ ಚಾಚಿದ.

"ಸುರೀರಿ."

"ತೊಟ್ಟಿಗೋ?"

"ಬಾಯ್ಮುಚ್ಕೊಂಡು ಸುರೀರಿ ಮಿಸ್ಸಸ್!"

ಆ ಮಧ್ಯಾಹ್ನ ಒಂದು ಗಾಡಿಯೂ ಪಬ್ ಕಡೆ ತಿರುಗಲಿಲ್ಲ. ಅಂಗಡಿಯ ಪೆಟ್ಟಿಗೆಯ ನೆನಪು ಲಿಂಡ್ಸೆಗೂ ಬರಲಿಲ್ಲ. ಹೊತ್ತು ಇಳಿಯುವಾಗ ಅಥೋಲ್ ಎದ್ದು, ಉಣ್ಣೆ ಮೂಟೆಗೆ ಗುರುತು ಹಾಕುವ ಕಪ್ಪು ಮಸಿಯಲ್ಲಿ ಬ್ರಷ್ ಅದ್ದಿಕೊಂಡು ಉಣ್ಣೆಮನೆಯ ಹಲಗೆಗೋಡೆಯ ಬಳಿ ಹೋದ. ಒಂದು ದಿನದಲ್ಲಿ ಅತಿ ಹೆಚ್ಚು ಕುರಿ ಕತ್ತರಿಸಿದವರ ಹೆಸರುಗಳು ಲಿಂಡ್ಸೆಯ ಅಜ್ಜನ ಕಾಲದಿಂದ ಅಲ್ಲಿವೆ. ಕತ್ತರಿ ಹಿಡಿಯದವರ ಹೆಸರು ಒಂದೂ ಇಲ್ಲ. ಲಿಂಡ್ಸೆಯ ಹೆಸರೂ ಇಲ್ಲ. ಅಥೋಲ್ ತನ್ನ ಹೆಸರಿನ ಕೆಳಗೆ ನಿಧಾನವಾಗಿ ಬರೆದ: 'ಡಲ್ಸಿ ಟ್ರಿಫಿಟ್, ಮೂವತ್ತು ಬಾಟಲಿ, ಒಂದೂ ಉಳಿಯಲಿಲ್ಲ.'

ಡಲ್ಸಿ ಹತ್ತಿರ ಹೋಗಿ ಅದನ್ನು ಎರಡು ಸಲ ಓದಿದಳು.

"ಆ ಮಸಿ ಏನು ಮಾಡಿದ್ರೂ ಹೋಗಲ್ಲ, ಗೊತ್ತಲ್ಲ?" ಅಂದ ಲಿಂಡ್ಸೆ.

"ಹೋಗ್ಬಾರ್ದು" ಅಂದಳು ಡಲ್ಸಿ.