ಸಪ್ಪನ ಪಥ್ಯ

ದೇವಮ್ಮ, ಹುಲಿಗಿಯ ಗುಳಿಗೆ ತಪ್ಪಿಸಿದವಳು ನಾನು. ನೀನಲ್ಲ. ನಿನ್ನ ಸೋದರತ್ತೆ, ನಿನ್ನನ್ನು ಸೊಸೆ ಮಾಡಿಕೊಂಡು ದೇವದುರ್ಗಕ್ಕೆ ಕರೆತಂದ ನಾನೇ — ನಿನ್ನ ಮಗಳ ಬಾಯಿಗೆ ಗುಳಿಗೆ ಮುಟ್ಟಗೊಡಲಿಲ್ಲ, ತಪ್ಪು ಮಾತ್ರ ನಿನ್ನ ಕೊರಳಿಗೆ ಕಟ್ಟಿದೆ.

ಮೂರನೇ ಕ್ಲಾಸ್ ಕಲಿತ ಕೈ ಇದು, ಅಕ್ಷರ ಸೊಟ್ಟ. ಆದರೂ ಇವತ್ತು ಬರೆಯದಿದ್ದರೆ — ಎದೆ ಒಡೆಯುವಷ್ಟು ಸಂತೋಷ ಆಗಿದೆ, ಅದರ ಸಂಗಡ ಇದೂ ಉಕ್ಕಿ ಬಂದಿದೆ. ಹುಲಿಗಿಯ ಬಾಯಿ ಸ್ವಚ್ಛ ಆಯಿತು, ದೇವಮ್ಮ. ಕೂಸಾಗಿದ್ದಾಗಿನಿಂದ ನಾಲಿಗೆ ಮೇಲೆ ಹೆಪ್ಪುಗಟ್ಟಿದ್ದ ಆ ಬಿಳಿ ಬೂಸ್ಟು, ಯಾವ ಹನಿಗೂ ಯಾವ ನೀಲಿ ಮದ್ದಿಗೂ ಬಗ್ಗದ್ದು, ರಾಯಚೂರಿನ ಡಾಕ್ಟರು ಕೊಟ್ಟ ಹೊಸ ಗುಳಿಗೆಗೆ ಬಿಟ್ಟಿತು. ಹೊಸದು ಆಕಿ ದಿನಾ ನುಂಗುವ ಹಳೆಯ ಗುಳಿಗೆಗೆ ಅಡ್ಡ ಬರಬಹುದು, ಸುಸ್ತಾದರೆ ಕೂಡಲೇ ಕರೆತನ್ನಿ ಅಂದಿದ್ದರು; ಕಣ್ಣಲ್ಲಿ ಕಣ್ಣಿಟ್ಟು ಕಾದೆ. ನಿನ್ನೆ ಹಸಿಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದಳು. ಉರಿ ಉರಿ ಅಂತ ಅಳುತ್ತಿದ್ದ ಹುಡುಗಿ, ಇನ್ನೊಂದಿಷ್ಟು ಹಾಕು ಅಂದಳು. ನಾನು ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ.

ಕೈ ತೊಳೆಯುತ್ತಾ ಆಕಿ ಅಂದಳು: "ನಮ್ಮವ್ವ ಗುಳಿಗಿ ತಪ್ಪಿಸಿ ನನ್ನ ಕೊಂದ ಬಿಡಾಕಿದ್ಳು. ನೀ ಉಳಿಸಿದಿ, ಅಜ್ಜಿ."

ಆ ಮಾತು ಕೇಳಿಯೇ ಈ ಹಾಳೆ ಹಿಡಿದೆ.

ಎಮರ್ಜೆನ್ಸಿ ಮುಗಿದ ಮರುವರ್ಷ, ಹುಲಿಗಿ ಇನ್ನೂ ಚಿಕ್ಕವಳಿದ್ದಾಗ, ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿ ಹೇಳಿದ್ದು ನಿನಗೆ ನೆನಪಿರಬೇಕು. ಇದು ಹುಟ್ಟಿನಿಂದ ಬಂದದ್ದು. ಬಾಯಿಯ ಬೂಸ್ಟು, ಮೈ ಕಪ್ಪಾಗುವುದು, ಉಪ್ಪಿಗೆ ಹಂಬಲಿಸುವುದು, ಎಲ್ಲಕ್ಕೂ ಬೇರು ಒಂದೇ. ಹೊಟ್ಟೆಯೊಳಗಿನ ಒಂದು ಗ್ರಂಥಿ ಬತ್ತುತ್ತಿದೆ, ಅದರ ರಸದ ಬದಲಿಗೆ ಈ ಗುಳಿಗೆ. ಒಂದು ದಿನವೂ ತಪ್ಪಬಾರದು, ಉಪ್ಪು ಕೇಳಿದರೆ ಕೊಡಿ. ಒಂದೇ ರಕ್ತದೊಳಗೆ ಮದುವೆಯಾದರೆ ಇಂಥದ್ದು ಹೊರಬೀಳುತ್ತದೆ ಅಂತಲೂ ಅಂದರು. ಅದೇ ನನಗೆ ಚುಚ್ಚಿತು. ಅಣ್ಣನ ಮಗಳನ್ನು ಹಟ ಮಾಡಿ ಮಗನಿಗೆ ತಂದವಳು ನಾನಲ್ಲವೇ? ಆ ಡಾಕ್ಟರ ಮಾತು ಸುಳ್ಳಾಗಲಿ ಅನ್ನಿಸಿತು.

ಗುಂಜಹಳ್ಳಿಯ ನಾಟಿ ವೈದ್ಯನ ಕಡೆ ಹೋದೆ. ಬೇರು ಕೊಟ್ಟ. ಸಪ್ಪನ ಪಥ್ಯ ಹಿಡಿಸು, ಉಪ್ಪು ಮುಟ್ಟಿಸಬೇಡ, ಇಂಗ್ಲಿಷ್ ಗುಳಿಗೆಯೇ ಬೂಸ್ಟು ಬೆಳೆಸುತ್ತಿದೆ ಅಂದ. ನನಗೆ ಬೇಕಾಗಿದ್ದು ಅದೇ ಮಾತು. ನೀನು ಹತ್ತಿ ಬಿಡಿಸಲು ಹೋಗುವಾಗ ಗುಳಿಗೆ ನನ್ನ ಕೈಗಿಟ್ಟು ಹೋಗುತ್ತಿದ್ದೆ. ನಾನು ಒಲೆಗೆ ಹಾಕುತ್ತಿದ್ದೆ. ಉಪ್ಪಿಲ್ಲದ ನುಚ್ಚು ಉಣಿಸಿದೆ. ಕೂಸು ಕದ್ದು ಉಪ್ಪಿನ ಗಡಿಗೆಗೆ ಕೈ ಹಾಕಿ ಹರಳು ನೆಕ್ಕುವಾಗ — ಕೈ ಮೇಲೆ ಬಾರಿಸಿದೆ. ಜೀವಕ್ಕೆ ಬೇಕಾದ್ದನ್ನೇ ಹುಡುಕುತ್ತಿತ್ತು ಆ ಕೈ.

ವಾಂತಿ ಶುರುವಾಯಿತು. ಕಣ್ಣು ಮೇಲೆ ಹೋದವು. ರಾಯಚೂರಿನ ದವಾಖಾನೆಯಲ್ಲಿ ಸಲೈನ್ ಏರಿಸುತ್ತಾ ಡಾಕ್ಟರು, ಗುಳಿಗೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನನ್ನ ಮಗ ಮಾರೆಪ್ಪ ನಿನ್ನ ಕಡೆ ತಿರುಗಿದ.

"ದಿನಾ ಅತ್ತಿ ಕೈಯಾಗ ಕೊಟ್ಟು ಹೋಗೀನ್ರಿ," ಅಂದೆ ನೀನು.

"ನನ್ನ ಕೈಯಾಗ ಏನೂ ಕೊಟ್ಟಿಲ್ಲ," ಅಂದೆ ನಾನು.

ಅಷ್ಟೇ. ಮಾರೆಪ್ಪ ನಿನ್ನನ್ನು ಚೀಕಲಪರ್ವಿಯ ತವರಿಗೆ ಅಟ್ಟಿದ. ನಮ್ಮಣ್ಣ — ನಿನ್ನ ಅಪ್ಪ — ತಂಗಿ ಸುಳ್ಳು ಹೇಳುವವಳಲ್ಲ ಎಂದು ಮಗಳನ್ನೇ ಬೈಯುತ್ತಾ ಮಾನ್ವಿ ಬಸ್ಸು ಹತ್ತಿಸಿದ. ನೀನು ಸಂತೆಯ ದಿನ ಮಗಳನ್ನು ನೋಡಲು ಬಂದರೆ ಆಕಿಯನ್ನು ಒಳಗೆ ಕೂಡಿಸಿ ಚಿಲಕ ಹಾಕಿದೆ. ಅತ್ತರೆ, ನಿಮ್ಮವ್ವಗ ನೀ ಬ್ಯಾಡಾಗಿದ್ದಿ ಅಂದೆ. ಆಮೇಲೆ ಗುಳಿಗೆ ತಪ್ಪಿಸಲಿಲ್ಲ, ಉಪ್ಪು ಕಡಿಮೆ ಮಾಡಲಿಲ್ಲ — ಅದನ್ನು ನನ್ನ ಪುಣ್ಯ ಅಂತ ಎಣಿಸಬೇಡ. ನಿನ್ನಿಂದ ಕಸಿದುಕೊಂಡು ಮಾಡಿದ ಕೆಲಸ ಅದು.

ನಿನಗೆ ಓದು ಬರುವುದಿಲ್ಲ. ಇದನ್ನು ನಿನ್ನ ಮುಂದೆ ಕೂತು ಓದುತ್ತಿರುವವಳು ಹುಲಿಗಿ. ಆಕಿ ಹೋಗಲ್ಲ ಅಂದಳು. ನನ್ನ ಆಣೆ ಹಾಕಿ ಕಳಿಸುತ್ತಿದ್ದೇನೆ, ಈ ಕಾಗದ ಅವ್ವನ ಮುಂದೆಯೇ ಬಿಚ್ಚು ಅಂದಿದ್ದೇನೆ. ಆಕಿ ಬಸ್ಸು ಹತ್ತಿದ ಮೇಲೆ ಮಾರೆಪ್ಪನ ಮುಂದೆಯೂ ಬಾಯಿ ಬಿಡುತ್ತೇನೆ. ಇನ್ನು ಆಕಿ ತಿರುಗಿ ಬರಲಿ, ಬರದಿರಲಿ, ಕೇಳುವ ಹಕ್ಕು ನನಗಿಲ್ಲ.

ಹುಲಿಗೀ, ನಿಲ್ಲಿಸಬೇಡ. ತಲೆ ಎತ್ತಿ ನಿಮ್ಮವ್ವನ ಮುಖ ನೋಡು. ನಿನ್ನನ್ನು ಸಾವಿನ ಬಾಯಿಗೆ ನೂಕಿದಾಕಿ ನಾನು, ಆಕಿ ಅಲ್ಲ. ಈ ಸಾಲು ಇನ್ನೊಮ್ಮೆ ಓದು — ಓಣಿಗೆ ಕೇಳುವಷ್ಟು ಜೋರಾಗಿ.