ಬರೀ ಕಲ್ಲು, ಬುದ್ದಿ

ಎಚ್.ಡಿ. ಕೋಟೆ ಕಡೆಯ ಕಾಡಿನಲ್ಲಿ ಚಿಕ್ಕಬೊಮ್ಮನಷ್ಟು ಜೇನು ಬಲ್ಲವನು ಇನ್ನೊಬ್ಬನಿರಲಿಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ. ಹುಟ್ಟಿದಾಗಿನಿಂದ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಸತ್ತವರಿಗಾಗಿ. ಆ ಸುಳ್ಳೇ ಕಾಡೊಳಗಿನ ಅವನ ಹಾಡಿಯನ್ನು, ಅಷ್ಟೂ ಗುಡಿಸಲುಗಳನ್ನು ನುಂಗಿತು.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಮೈಸೂರಿನ ಕಾಲೇಜಿನಿಂದ ಮಹದೇವಪ್ಪ ಮೇಷ್ಟ್ರು ಬಂದರು. ಕಾಡಿನ ಗಿಡ, ಪ್ರಾಣಿ, ನೀರು ಎಲ್ಲವನ್ನೂ ನಕ್ಷೆಗೆ ಇಳಿಸುವುದು ಅವರ ಕೆಲಸ. ಒಳ್ಳೆಯವರೇ, ಸುಮ್ಮನೆ ಯಾಕೆ ಬೈಯಲಿ? ಹಾಡಿಯವರ ಜೊತೆ ಕೂತು ಸುಟ್ಟ ಗೆಣಸು ತಿಂದರು. ಆನೆ ನೀರಿಗಿಳಿಯುವ ಹಳ್ಳ, ಹೆಜ್ಜೇನಿನ ಮರ ಎಲ್ಲ ಬೊಮ್ಮ ತೋರಿಸಿದ. ಆ ಬರಹ ಯಾರ ಕೈಗೆ ಹೋಗುತ್ತದೆ ಅಂತ ಇವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಿದಿರುಮೆಳೆಯ ಹಿಂದೆ ಕಲ್ಲುಗಳ ಒಂದು ಸಾಲಿತ್ತು. ಬೊಮ್ಮನ ಅಜ್ಜ, ಅವ್ವ, ಹಸುಗೂಸಾಗಿಯೇ ತೀರಿಹೋದ ಮಗಳು ಮಲಗಿದ್ದು ಅಲ್ಲೇ. ಆ ಜಾಗವನ್ನು ಹೊರಗಿನವರಿಗೆ ತೋರಿಸಿದರೆ ಸತ್ತ ಹಿರೀಕರು ಅಲ್ಲಿಂದ ಎದ್ದುಹೋಗುತ್ತಾರೆ, ತೋರಿಸಕೂಡದು ಎಂಬುದು ಹಾಡಿಯ ಕಟ್ಟು.

“ಅದೇನಯ್ಯ ಅಲ್ಲಿ?” ಎಂದರು ಮೇಷ್ಟ್ರು.

“ಏನೂ ಇಲ್ಲ ಬುದ್ದಿ, ಬರೀ ಕಲ್ಲು.”

“ಹಿಂದೆ ಜನ ಇದ್ರಾ ಇಲ್ಲಿ?”

“ಯಾರೂ ಇರ್ನಿಲ್ಲ.”

ಮೇಷ್ಟ್ರು ಸರಸರ ಬರೆದುಕೊಂಡರು. ಸದ್ಯ ಅವ್ವ ಉಳಿದಳು ಅಂದುಕೊಂಡ ಬೊಮ್ಮ.

ಏಳು ವರ್ಷದ ಮೇಲೆ ಜೀಪಿನಲ್ಲಿ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಬಂದರು. ಕಾಡು ಪ್ರಾಣಿಗಳಿಗೆ ಬೇಕು, ಹಾಡಿ ಖಾಲಿ ಮಾಡಿ ಎಂದರು. ತಾತ ಮುತ್ತಾತನ ಕಾಲದಿಂದ ಇದ್ದೇವೆ ಎಂದು ಜನ ಕಾಲಿಗೆ ಬಿದ್ದರು. ಸಾಹೇಬರು ಮೇಷ್ಟ್ರ ನಕ್ಷೆ ಬಿಡಿಸಿದರು. “ಇಲ್ಲಿ ಹಿಂದೆ ಯಾರೂ ಇರಲಿಲ್ಲ ಅಂತ ಬರೆದಿದೆ. ಅಂದ್ರೆ ನೀವು ಈಚೆಗೆ ಬಂದವರು. ಹೇಳಿದ್ದು ನಿಮ್ಮವನೇ, ಚಿಕ್ಕಬೊಮ್ಮ ಅಂತ. ಯಾರಪ್ಪ ಅವನು?”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇವನದು ಮುಚ್ಚಿಟ್ಟೇ ಹೋಯಿತು. ಹಾಡಿಗೆ ಹಾಡಿಯೇ ಅವನ ಮುಖ ನೋಡಿತು. ಹೆಂಡತಿ ಕೆಂಚಿ ಕೈಹಿಡಿದು ಜಗ್ಗಿದರೂ ನಿಲ್ಲದೆ, ಬೊಮ್ಮ ಸಾಹೇಬರನ್ನು ಮೆಳೆಯ ಹಿಂದಕ್ಕೆ ಕರೆದೊಯ್ದು ಒಂದೊಂದೇ ಕಲ್ಲು ಮುಟ್ಟಿದ.

“ಇದು ನಮ್ಮಜ್ಜ, ಬುದ್ದಿ. ಇದು ನಮ್ಮವ್ವ. ಈ ಚಿಕ್ಕದು ನನ್ ಕೂಸು.”

“ಕಲ್ಲು ಯಾರು ಬೇಕಾದ್ರೂ ನಿಲ್ಲಿಸಬಹುದು ಕಣಯ್ಯ” ಎಂದರು ಸಾಹೇಬರು.

ಅಯ್ಯೋ ಶಿವನೇ! ಸುಳ್ಳು ಹೇಳಿದ ದಿನ ಅಕ್ಷರ ಬಿಡದೆ ಬರೆದುಕೊಂಡಿದ್ದರು. ನಿಜ ಹೇಳಿದ ದಿನ ಯಾರೂ ಪೆನ್ನು ತೆಗೆಯಲಿಲ್ಲ. ವಾರದೊಳಗೆ ಗುಡಿಸಲು ಕೆಡವಿ ಎಲ್ಲರನ್ನೂ ಲಾರಿಗೆ ಹತ್ತಿಸಿದರು.

ಆಮೇಲೆ ರಸ್ತೆ ಬದಿಯ ಜೋಪಡಿ, ಗೌಡರ ಹೊಲದಲ್ಲಿ ಕೂಲಿ. ಜ್ವರ ಹಿಡಿದು ಮಲಗಿದ್ದ ಕೆಂಚಿ ಒಂದು ಮಧ್ಯಾಹ್ನ ಕೇಳಿದಳು: “ಇರೀಕ್ರಂತೂ ಎದ್ದೋದ್ರು. ನಾನು ಸತ್ರೆ ಎಲ್ಲಿ ಮಡಗೀಯೆ?”

ಕಾಡಿನ ಮರಮರಕ್ಕೂ ದಾರಿ ಬಲ್ಲವನು ಅವಳ ಹಣೆಯ ಒದ್ದೆ ಬಟ್ಟೆ ಬದಲಿಸಿದ. ಯುಗಾದಿಗೆ ಮುಂಚೆಯೇ ಅವಳು ಹೋದಳು. ಕಾಡಿನ ಗೇಟಿನಲ್ಲಿ ಕಾವಲಿನವರು ಹೆಣ ಬಿಡಲಿಲ್ಲ, ಊರಿನವರು ತಮ್ಮ ಸ್ಮಶಾನಕ್ಕೆ ಸೇರಿಸಲಿಲ್ಲ. ಬೊಮ್ಮ ಅವಳನ್ನು ರಸ್ತೆಯ ಮಗ್ಗುಲಲ್ಲೇ ಹೂತ. ಕಲ್ಲು ನಿಲ್ಲಿಸಲಿಲ್ಲ.